ತುರಿಕೆಗೊಂದು ಕಡಿವಾಣ

ಸೊಳ್ಳೆ ಕಚ್ಚಿದೊಡನೆ ಕೈ ತಾನಾಗಿಯೇ ಆ ಸ್ಥಳವನ್ನು ಅರಸಿಕೊಂಡು ಹೋಗುತ್ತದೆ. ಕೆರೆಯಬೇಕೆಂಬ ಬಯಕೆಯನ್ನು ಹುಟ್ಟಿಸುವ ಅಹಿತಕರ ಸಂವೇದನೆಯೇ ತುರಿಕೆ ಎಂದು ಜರ್ಮನಿಯ ವೈದ್ಯ ಸ್ಯಾಮ್ಯುಯೆಲ್ ಹಾಫೆನ್‌ರೆಫರ್ 1660ರಲ್ಲಿಯೇ ಹೇಳಿದ್ದನು. ಇಂದಿನ ವೈದ್ಯಗ್ರಂಥಗಳೂ ಆ ಮಾತನ್ನೇ ಬಳಸುತ್ತವೆ.

ಸೊಳ್ಳೆ ಕಚ್ಚಿದಾಗ ಚರ್ಮದಲ್ಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಸೂಸುತ್ತವೆ. ಅದು ಸೂಕ್ಷ್ಮವಾದ ನರತಂತುಗಳನ್ನು ಕೆರಳಿಸುತ್ತದೆ. ಸುದ್ದಿಯು ಬೆನ್ನುಹುರಿಯನ್ನು ಸೇರಿ, ಅಲ್ಲಿಂದ ಮಿದುಳಿಗೆ ಏರುತ್ತದೆ. ಕೆರೆದಾಗ ಉಂಟಾಗುವ ಅಲ್ಪ ನೋವು ಬೆನ್ನುಹುರಿಯಲ್ಲಿ ಈ ಸುದ್ದಿಗೆ ಅಡ್ಡ ಬರುವುದರಿಂದ ಕ್ಷಣಕಾಲ ಹಿತವೆನಿಸುತ್ತದೆ.

ಆದರೆ ಎಲ್ಲ ತುರಿಕೆಗೂ ಹಿಸ್ಟಮಿನ್ ಕಾರಣವಲ್ಲ. ನಸಗುನ್ನಿ ಕಾಯಿಯ ರೋಮ ತಗುಲಿದವರ ಪಾಡು ಹಳ್ಳಿಯವರಿಗೆ ತಿಳಿದದ್ದೇ. ಆ ತುರಿಕೆಯ ದಾರಿಯೇ ಬೇರೆ. ಮೂತ್ರಪಿಂಡ ಅಥವಾ ಯಕೃತ್ತಿನ ದೀರ್ಘ ರೋಗದಿಂದ ನರಳುವ ಅನೇಕರಿಗೆ, ಚರ್ಮದ ಮೇಲೆ ಒಂದು ಗುಳ್ಳೆಯೂ ಇಲ್ಲದಿದ್ದರೂ, ರಾತ್ರಿಯೆಲ್ಲ ತುರಿಕೆ. ನಿದ್ರೆಯೆಂಬುದೇ ಇಲ್ಲ. ಹಿಸ್ಟಮಿನ್ ವಿರೋಧಿ ಮಾತ್ರೆಗಳಿಂದ ಅವರಿಗೆ ಹೆಚ್ಚಿನ ಪ್ರಯೋಜನವಾಗದು. ಆದುದರಿಂದ ವಿಜ್ಞಾನಿಗಳು ಚರ್ಮದಿಂದಾಚೆಗೆ, ನರಮಂಡಲದತ್ತ ದೃಷ್ಟಿ ಹರಿಸಬೇಕಾಯಿತು.

ಅಲ್ಲಿ ಅವರಿಗೆ ದಾರಿ ತೋರಿದುದು ಗಾಂಜಾ ಗಿಡ. ಅದರ ಅಮಲಿಗೆ ಕಾರಣವಾದ ಟಿ.ಎಚ್.ಸಿ. ಎಂಬ ವಸ್ತುವನ್ನು ಇಸ್ರೇಲಿನ ರಫಾಯೆಲ್ ಮೆಕೌಲಮ್ ಮತ್ತು ಯೆಹಿಯೆಲ್ ಗಾವೊನಿ ಅವರು 1964ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದರು. ನರಕೋಶಗಳ ಹೊರಪೊರೆಯಲ್ಲಿ ಬೀಗಗಳಂತಿರುವ ಪ್ರೋಟೀನುಗಳುಂಟು, ಇವೇ ಗ್ರಾಹಕಗಳು. ಟಿ.ಎಚ್.ಸಿ.ಯು ಕೂಡಿಕೊಳ್ಳುವ ಕ್ಯಾನಬಿನಾಯ್ಡ್ ಗ್ರಾಹಕಗಳಲ್ಲಿ ಮೊದಲನೆಯದಾದ ಸಿ.ಬಿ.1ರ ರಚನೆ 1990ರಲ್ಲಿಯೂ, ಎರಡನೆಯದಾದ ಸಿ.ಬಿ.2ರ ರಚನೆ 1993ರಲ್ಲಿಯೂ ತಿಳಿದುಬಂದವು. ಎಲ್ಲಿಯೋ ಬೆಳೆಯುವ ಗಿಡದ ಬೀಗದ ಕೈಗಾಗಿ ದೇಹವು ಬೀಗವನ್ನು ಇರಿಸಿಕೊಂಡೀತೆ? ದೇಹದ್ದೇ ಆದ ಬೀಗದ ಕೈಯೊಂದು ಇರಲೇಬೇಕು. ಮೆಕೌಲಮ್ ಅವರ ತಂಡವು 1992ರಲ್ಲಿ ಅದನ್ನು ಹಂದಿಯ ಮಿದುಳಿನಿಂದ ಬೇರ್ಪಡಿಸಿತು. ಸಂಸ್ಕೃತದ ‘ಆನಂದ’ ಶಬ್ದದಿಂದಲೇ ಅದಕ್ಕೆ ಆನಂದಮೈಡ್ ಎಂಬ ಹೆಸರು ಬಂದಿತು.

ಆನಂದಮೈಡ್ ನರತಂತುವಿನ ತುದಿಯಲ್ಲಿರುವ ಸಿ.ಬಿ.1 ಗ್ರಾಹಕವನ್ನು ಸೇರಿದಾಗ, ಆ ತುದಿಯು ಮುಂದಿನ ನರಕೋಶಕ್ಕೆ ಕಳುಹಿಸುವ ರಾಸಾಯನಿಕ ಸಂದೇಶ ಕುಗ್ಗುತ್ತದೆ. ಆದರೆ ದೇಹದ ಒಂದು ಕಿಣ್ವವು ಆನಂದಮೈಡನ್ನು ಬಹುಬೇಗನೆ ಒಡೆದುಹಾಕುತ್ತದೆ. ಈ ಕಿಣ್ವವೇ ಇಲ್ಲದಿದ್ದರೆ? ಇಲಿಗಳ ಮೇಲೆ ನಡೆದ, 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗಗಳು ಇದಕ್ಕೆ ಉತ್ತರ ಕೊಟ್ಟವು. ತುರಿಕೆಯನ್ನುಂಟುಮಾಡುವ ವಸ್ತುವನ್ನು ಚುಚ್ಚಿದಾಗ, ಹುಟ್ಟಿನಿಂದಲೇ ಆ ಕಿಣ್ವವಿಲ್ಲದ ಇಲಿಗಳು ಸಾಮಾನ್ಯ ಇಲಿಗಳಿಗಿಂತ ಕಡಿಮೆ ಕೆರೆದುಕೊಂಡವು. ಔಷಧದಿಂದ ಕಿಣ್ವವನ್ನು ತಡೆದಾಗಲೂ ಹಾಗೆಯೇ ಆಯಿತು. ಸಿ.ಬಿ.1 ಗ್ರಾಹಕವನ್ನು ಮೊದಲೇ ಮುಚ್ಚಿದ್ದಾಗ ಮಾತ್ರ ಆ ಔಷಧ ಫಲ ಕೊಡಲಿಲ್ಲ.

ಟಿ.ಎಚ್.ಸಿ. ಕೂಡ ಕೆರೆತವನ್ನು ತಗ್ಗಿಸಿತು, ನಿಜ. ಆದರೆ ಇಲಿಯ ಇತರ ವರ್ತನೆಗಳನ್ನೂ ಕೆಡಿಸುವಷ್ಟು ಪ್ರಮಾಣದಲ್ಲಿ ಕೊಟ್ಟಾಗ ಮಾತ್ರ. ಮಂಕಾಗಿ ಬಿದ್ದಿರುವ ಇಲಿ ಕೆರೆದುಕೊಳ್ಳದಿದ್ದರೆ ಅದರ ತುರಿಕೆ ಶಮನವಾಯಿತೆಂದು ಹೇಳಲಾದೀತೆ? ಸಿ.ಬಿ.1 ಗ್ರಾಹಕಗಳು ತುರಿಕೆಯ ದಾರಿಯಲ್ಲಷ್ಟೇ ಅಲ್ಲದೆ ಮಿದುಳಿನಲ್ಲಿ ನೆನಪು, ಚಲನೆಗಳಿಗೆ ಸಂಬಂಧಿಸಿದ ಭಾಗಗಳಲ್ಲಿಯೂ ದಟ್ಟವಾಗಿ ನೆಲೆಸಿವೆ. ಗಾಂಜಾ ಈ ಎಲ್ಲ ಬೀಗಗಳನ್ನೂ ಒಮ್ಮೆಗೇ ತೆರೆದುಬಿಡುತ್ತದೆ. ಆದುದರಿಂದಲೇ, ಮಿದುಳನ್ನು ಮುಟ್ಟದೆ ಚರ್ಮದ ನರತುದಿಗಳಲ್ಲಿಯೇ ನಿಲ್ಲುವ ಔಷಧಕ್ಕಾಗಿಯೂ, ಕಿಣ್ವವನ್ನು ತಡೆದು ದೇಹದ ಆನಂದಮೈಡನ್ನೇ ಉಳಿಸುವ ಔಷಧಕ್ಕಾಗಿಯೂ ಸಂಶೋಧಕರು ಶ್ರಮಿಸುತ್ತಿದ್ದಾರೆ.