ಹಳೆಯ ಪಿಕಪ್‌ಗೆ ಪವರ್ ಬ್ರೇಕ್: ಕಾಲಿನ ಬಲಕ್ಕೆ ಗಾಳಿಯ ನೆರವು

ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ಪಾಸ್ಕಲನ ನಿಯಮ ಓದುವಾಗ ಹೈಡ್ರಾಲಿಕ್ ಬ್ರೇಕ್‌ನ ಪ್ರಸ್ತಾಪ ಬಂದೇ ಬರುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಒಂದೂವರೆ ಟನ್‌ಗೂ ಹೆಚ್ಚು ತೂಕದ ಗಾಡಿಯನ್ನು ಒಂದು ಕಾಲು ಹೇಗೆ ನಿಲ್ಲಿಸುತ್ತದೆ ಎಂಬುದು ಅಷ್ಟರಿಂದ ಪೂರ್ತಿ ತಿಳಿಯುವುದಿಲ್ಲ. ಅದಕ್ಕೆ ಅಮೆರಿಕದ ಒಂದು ಹಳೆಯ ಪಿಕಪ್ ಒಳ್ಳೆಯ ಉದಾಹರಣೆ.

ಷೆವರ್ಲೆ ಸಿ-10 ಪಿಕಪ್ 1960ರ ದಶಕದಲ್ಲಿ ಅಲ್ಲಿನ ರೈತರ, ಕೆಲಸಗಾರರ ಗಾಡಿ. ಇಂದಿಗೂ ಅದನ್ನು ದುರಸ್ತಿ ಮಾಡಿಸಿ ಓಡಿಸುವವರು ಬಹಳ. 1966ರವರೆಗಿನ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಮಾಸ್ಟರ್ ಸಿಲಿಂಡರಿಗೆ ಒಂದೇ ಕೋಣೆ. ಎಲ್ಲಾದರೂ ಒಂದು ಪೈಪು ಒಡೆದರೆ ಇಡೀ ಗಾಡಿಯ ಬ್ರೇಕ್ ಹೋದಂತೆಯೇ. 1967ರಿಂದ ಎರಡು ಕೋಣೆಯ ಸಿಲಿಂಡರ್ ಬಂತು: ಮುಂದಿನ ಚಕ್ರಗಳಿಗೊಂದು, ಹಿಂದಿನವಕ್ಕೊಂದು. ಒಂದು ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ. 1971ರಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಕಂಪನಿಯಿಂದಲೇ ಬರತೊಡಗಿತು. ಹಳೆಯ ಗಾಡಿಯವರು ಈಗ ಈ ಎರಡನ್ನೂ ಬೂಸ್ಟರ್ ಜೊತೆಗೆ ಜೋಡಿಸಿಕೊಳ್ಳುತ್ತಾರೆ.

ಬೂಸ್ಟರ್ ಕೆಲಸ ಮಾಡುವ ಬಗೆ

ಬಾನೆಟ್ ಎತ್ತಿದರೆ ಡ್ರೈವರ್‌ನ ಎದುರು ದುಂಡನೆಯ ತಗಡಿನ ಡಬ್ಬಿಯೊಂದು ಕಾಣುತ್ತದೆ. ಅದೇ ಬೂಸ್ಟರ್. ಅದರೊಳಗೆ ರಬ್ಬರಿನ ಪರದೆ ಇದೆ. ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಉಂಟಾಗುವ ನಿರ್ವಾತ, ಒಂದು ಹೋಸ್ ಮೂಲಕ ಪರದೆಯ ಎರಡೂ ಬದಿಯ ಗಾಳಿಯನ್ನು ಹೀರಿರುತ್ತದೆ. ಪೆಡಲ್ ಒತ್ತಿದೊಡನೆ ವಾಲ್ವ್ ತೆರೆದು, ಪೆಡಲ್ ಕಡೆಯ ಬದಿಗೆ ಮಾತ್ರ ಹೊರಗಿನ ಗಾಳಿ ನುಗ್ಗುತ್ತದೆ. ಆ ಗಾಳಿಯೇ ಪರದೆಯನ್ನು ಮುಂದಕ್ಕೆ ತಳ್ಳುತ್ತದೆ.

ಲೆಕ್ಕ ಹಾಕಿ ನೋಡಿ. ಪರದೆಯ ವ್ಯಾಸ 23 ಸೆಂ.ಮೀ. ಎಂದುಕೊಂಡರೆ ವಿಸ್ತೀರ್ಣ ಸುಮಾರು 0.0415 ಚದರ ಮೀಟರ್. ಎರಡು ಬದಿಯ ಒತ್ತಡದ ವ್ಯತ್ಯಾಸ 60,000 ಪಾಸ್ಕಲ್ ಇದ್ದರೆ, ಬಲ ಸುಮಾರು 2,500 ನ್ಯೂಟನ್. 50 ಕಿಲೋದ ಐದು ಅಕ್ಕಿಮೂಟೆಗಳ ಭಾರಕ್ಕೆ ಸಮ! ನಮ್ಮ ಸುತ್ತಲಿನ ಗಾಳಿಯೇ ಇಷ್ಟು ಕೆಲಸ ಮಾಡಿಕೊಡುತ್ತದೆ.

ಬರೀ ಬೂಸ್ಟರ್ ಸಾಲದು

ಬೂಸ್ಟರ್ ಕಾಲಿನ ಶ್ರಮ ಕಡಿಮೆ ಮಾಡುತ್ತದೆ. ಟೈರಿಗೂ ರಸ್ತೆಗೂ ಇರುವ ಘರ್ಷಣೆಯನ್ನು ಹೆಚ್ಚಿಸುವುದಿಲ್ಲ. ತುಕ್ಕು ಹಿಡಿದ ಪೈಪು, ಬಿರುಕು ಬಿಟ್ಟ ಹೋಸ್ ಹಾಗೇ ಇಟ್ಟು ಬೂಸ್ಟರ್ ಮಾತ್ರ ಹಾಕಿದರೆ, ಹೆಚ್ಚಿದ ಒತ್ತಡಕ್ಕೆ ಮೊದಲು ಒಡೆಯುವುದು ಅವೇ. ಆದ್ದರಿಂದ ಬದಲಾವಣೆ ಇಡೀ ವ್ಯವಸ್ಥೆಗೆ ಆಗಬೇಕು.

ಮಾಸ್ಟರ್ ಸಿಲಿಂಡರ್: ಒತ್ತಡ ಎಂದರೆ ಬಲ ಭಾಗಿಸು ವಿಸ್ತೀರ್ಣ. ಸಿಲಿಂಡರ್ ಕಿರಿದಾದರೆ ಒತ್ತಡ ಹೆಚ್ಚು, ಆದರೆ ಪೆಡಲ್ ಬಹಳ ಕೆಳಗಿಳಿಯುತ್ತದೆ. ಅಗಲವಾದರೆ ಪೆಡಲ್ ಬೇಗ ಗಟ್ಟಿಯಾಗುತ್ತದೆ, ಒತ್ತಡ ಕಡಿಮೆ. ಎರಡರ ನಡುವೆ ಹೊಂದುವ ಅಳತೆ ಆರಿಸಬೇಕು. ಡ್ರಮ್ಮಿಗಾಗಿ ಮಾಡಿದ ಹಳೆಯ ಸಿಲಿಂಡರುಗಳಲ್ಲಿ ಪೈಪಿನೊಳಗೆ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಇರುತ್ತದೆ. ಅದನ್ನೇ ಡಿಸ್ಕಿಗೆ ಜೋಡಿಸಿದರೆ ಪ್ಯಾಡ್ ಸದಾ ಉಜ್ಜಿಕೊಂಡು ಕಾಯುತ್ತದೆ.

ಪ್ರೊಪೋರ್ಶನಿಂಗ್ ವಾಲ್ವ್: ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಖಾಲಿ ಪಿಕಪ್‌ನ ಹಿಂಭಾಗವಂತೂ ಮೊದಲೇ ಹಗುರ. ಹಿಂದಿನ ಚಕ್ರಗಳಿಗೂ ಪೂರ್ಣ ಒತ್ತಡ ಹೋದರೆ ಅವು ಮೊದಲು ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಹಿಂದಿನ ಒತ್ತಡ ಮುಂದಿನಷ್ಟು ಏರದಂತೆ ತಡೆಯುವುದು ಈ ವಾಲ್ವ್‌ನ ಕೆಲಸ.

ಬ್ರೇಕ್ ಆಯಿಲ್: ಇದು ಗಾಳಿಯ ತೇವ ಹೀರುತ್ತದೆ. ಡಾಟ್-3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ. ಆವಿಯನ್ನು ಅದುಮಬಹುದು, ದ್ರವವನ್ನು ಅದುಮಲಾಗದು. ಆಗ ಪೆಡಲ್ ನೆಲ ಮುಟ್ಟಿದರೂ ಗಾಡಿ ನಿಲ್ಲದು.

ನಮ್ಮ ಘಾಟಿ ರಸ್ತೆಗಳಲ್ಲಿ

ನಮ್ಮಲ್ಲಿ ಮೀನು, ತರಕಾರಿ ಹೊರುವ ಪಿಕಪ್‌ಗಳು ಹೆಚ್ಚಾಗಿ ಡೀಸೆಲ್. ಡೀಸೆಲ್ ಎಂಜಿನ್‌ನಲ್ಲಿ ಸಾಕಷ್ಟು ನಿರ್ವಾತ ತಾನಾಗಿ ಸಿಗದು. ಅದಕ್ಕೆಂದೇ ಎಂಜಿನ್‌ನಿಂದ ತಿರುಗುವ ವ್ಯಾಕ್ಯೂಮ್ ಪಂಪ್ ಇರುತ್ತದೆ. ಎರಡೂ ಬಗೆಯ ಗಾಡಿಗಳಿಗೆ ಪಾಠ ಒಂದೇ: ಎಂಜಿನ್ ನಿಂತರೆ ಬೂಸ್ಟರಿನ ನೆರವು ನಿಲ್ಲುತ್ತದೆ. ಡಬ್ಬಿಯಲ್ಲಿ ಉಳಿದ ನಿರ್ವಾತ ಒಂದೆರಡು ಸಲ ಒತ್ತಲಷ್ಟೇ ಸಾಕು. ಆಮೇಲೆ ಪೆಡಲ್ ಕಲ್ಲಿನಂತೆ. ಆಗುಂಬೆ, ಚಾರ್ಮಾಡಿಯ ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ಎಂಜಿನ್ ಆಫ್ ಮಾಡುವವರು ಉಳಿಸುವುದು ನಾಲ್ಕು ಕಾಸು, ಪಣಕ್ಕಿಡುವುದು ಜೀವ. ಆ ಜೀವ ಅವರದ್ದು ಮಾತ್ರವೂ ಅಲ್ಲ. ಪಕ್ಕದಲ್ಲಿ ಕುಳಿತವರೂ ಎದುರು ಬರುವವರೂ ಅವರಿಗೆ ಅಮಾನತ್.

ಮನೆಯಲ್ಲಿ ಕಾರೋ ಪಿಕಪ್ಪೋ ಇದ್ದರೆ ದೊಡ್ಡವರ ಜೊತೆ ಹೀಗೆ ಪರೀಕ್ಷಿಸಿ. ಗಾಡಿ ಸಮತಟ್ಟಿನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಎಂಜಿನ್ ಆಫ್ ಇರುವಾಗ ಪೆಡಲನ್ನು ಐದಾರು ಸಲ ಒತ್ತಿ, ಅದು ಗಟ್ಟಿಯಾಗುತ್ತದೆ. ಹಾಗೇ ಒತ್ತಿಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ಮೆಕ್ಯಾನಿಕ್‌ಗೆ ತೋರಿಸದೆ ಗಾಡಿ ರಸ್ತೆಗಿಳಿಸಬೇಡಿ.