ವಿಮಾನ ಪ್ರಯಾಣ ದರದಲ್ಲಿ ಪೈಲಟ್‌ಗಳ ವೇತನದ ಪಾಲು

ದೇಶೀಯ ವಿಮಾನಯಾನದ ದರವನ್ನು ಸಾಮಾನ್ಯವಾಗಿ ಸರ್ಕಾರವು ನಿಗದಿಪಡಿಸುವುದಿಲ್ಲ. 1994ರಲ್ಲಿ ಏರ್ ಕಾರ್ಪೊರೇಷನ್ಸ್ ಕಾಯ್ದೆಯು ರದ್ದಾದ ನಂತರ ಈ ಅಧಿಕಾರವು ವಿಮಾನಯಾನ ಸಂಸ್ಥೆಗಳಿಗೇ ಸೇರಿದೆ. ಟಿಕೆಟಿನಲ್ಲಿ ಮೂಲ ದರ, ಬಳಕೆದಾರರ ಅಭಿವೃದ್ಧಿ ಶುಲ್ಕ, ಭದ್ರತಾ ಶುಲ್ಕ ಹಾಗೂ ಜಿಎಸ್‌ಟಿಯನ್ನು ಪ್ರತ್ಯೇಕವಾಗಿ ನಮೂದಿಸಲಾಗುತ್ತದೆ. ಪೈಲಟ್‌ಗಳ ವೇತನವು ಮೂಲ ದರದಲ್ಲಿಯೇ ಅಡಕವಾಗಿರುವುದರಿಂದ ಪ್ರಯಾಣಿಕರಿಗೆ ಅದು ಕಾಣಿಸುವುದಿಲ್ಲ.

ಪೈಲಟ್‌ಗಳ ವೇತನವು ಲಕ್ಷಗಳಲ್ಲಿದ್ದು, ದರ ಏರಿಕೆಗೆ ಅದೇ ಕಾರಣವೆಂಬ ಅಭಿಪ್ರಾಯವು ಸಾರ್ವಜನಿಕರಲ್ಲಿದೆ. ಇದನ್ನು ಲೆಕ್ಕ ಹಾಕಿ ನೋಡಬಹುದು. ಕ್ಯಾಪ್ಟನ್ ಮತ್ತು ಸಹ ಪೈಲಟ್ ಇಬ್ಬರಿಗೂ ಸೇರಿ ತಿಂಗಳಿಗೆ 12 ಲಕ್ಷ ರೂ. ವೆಚ್ಚವಾಗುತ್ತದೆ, ಅವರು 70 ಗಂಟೆ ಹಾರಾಟ ನಡೆಸುತ್ತಾರೆ ಎಂದು ಉದಾಹರಣೆಗಾಗಿ ಭಾವಿಸೋಣ. ಆಗ ಗಂಟೆಗೆ ಸುಮಾರು 17,000 ರೂ. ಆಗುತ್ತದೆ. ವಿಮಾನದಲ್ಲಿ 150 ಪ್ರಯಾಣಿಕರಿದ್ದಲ್ಲಿ ಒಬ್ಬರ ಪಾಲಿಗೆ ಬರುವುದು ಗಂಟೆಗೆ ಸುಮಾರು 115 ರೂ. ಮಾತ್ರ. ವೇತನವನ್ನು ಶೇ. 10ರಷ್ಟು ಹೆಚ್ಚಿಸಿದರೂ ಎರಡೂಮುಕ್ಕಾಲು ಗಂಟೆಯ ಬೆಂಗಳೂರು–ದೆಹಲಿ ಪ್ರಯಾಣಕ್ಕೆ ತಲಾ 30 ರೂ.ಗಳಷ್ಟು ಹೆಚ್ಚುವರಿ ಹೊರೆ ಬೀಳುತ್ತದೆ. ಆದರೆ 50 ಪ್ರಯಾಣಿಕರ ಸಣ್ಣ ವಿಮಾನದಲ್ಲಿ, ವೇತನ ಅಷ್ಟೇ ಇದ್ದಲ್ಲಿ, ಈ ಪಾಲು ಗಂಟೆಗೆ 340 ರೂ. ದಾಟುತ್ತದೆ. ಸಣ್ಣ ಊರುಗಳ ಮಾರ್ಗಗಳು ದುಬಾರಿಯಾಗಲು ಇದೂ ಒಂದು ಕಾರಣ.

ಸಂಸ್ಥೆಗಳ ನಿರ್ವಹಣಾ ವೆಚ್ಚದಲ್ಲಿ ಅತಿ ದೊಡ್ಡ ಬಾಬ್ತು ವಿಮಾನ ಇಂಧನ. ಅಲ್ಲದೆ, ಹಬ್ಬದ ದಿನಗಳಲ್ಲಿ ದರವು ದುಪ್ಪಟ್ಟಾಗುವುದು ಬೇಡಿಕೆಯಿಂದಲೇ ಹೊರತು ವೇತನದಿಂದಲ್ಲ. ಪೈಲಟ್‌ನ ಸಂಬಳ ದೀಪಾವಳಿಗೆಂದು ಏರುವುದಿಲ್ಲ.

ವೇತನಕ್ಕಿಂತ ಪೈಲಟ್‌ಗಳ ಲಭ್ಯತೆಯೇ ದರದ ಮೇಲೆ ಹೆಚ್ಚು ಪರಿಣಾಮ ಬೀರುತ್ತದೆ. ಆಯಾಸದಿಂದ ಅಪಘಾತ ಸಂಭವಿಸದಿರಲೆಂದು ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಹೆಚ್ಚಿಸಿ, ರಾತ್ರಿ ಹಾರಾಟಕ್ಕೆ ಮಿತಿ ವಿಧಿಸಿದ ನಿಯಮಗಳನ್ನು 2025ರಲ್ಲಿ ಎರಡು ಹಂತಗಳಲ್ಲಿ ಜಾರಿಗೊಳಿಸಲಾಯಿತು. ಅದಕ್ಕೆ ತಕ್ಕಷ್ಟು ಪೈಲಟ್‌ಗಳ ವ್ಯವಸ್ಥೆ ಇಲ್ಲದೆ ಆ ವರ್ಷದ ಡಿಸೆಂಬರ್‌ನಲ್ಲಿ ಇಂಡಿಗೊ ಸಂಸ್ಥೆಯ ಸಾವಿರಾರು ವಿಮಾನಗಳು ರದ್ದಾದವು. ಉಳಿದ ಆಸನಗಳ ದರವು ಹಲವು ಪಟ್ಟು ಏರಿದ್ದರಿಂದ ಕೇಂದ್ರ ಸರ್ಕಾರವು ಡಿಸೆಂಬರ್ 6ರಂದು ತಾತ್ಕಾಲಿಕವಾಗಿ ಗರಿಷ್ಠ ಮಿತಿಯನ್ನು ವಿಧಿಸಿತು: 500 ಕಿ.ಮೀ.ವರೆಗೆ 7,500 ರೂ., 1,500 ಕಿ.ಮೀ. ಮೀರಿದ ದೂರಕ್ಕೆ 18,000 ರೂ. ಶುಲ್ಕ ಹಾಗೂ ತೆರಿಗೆಗಳು ಇದರಿಂದ ಹೊರತಾಗಿದ್ದವು. ವಿಶ್ರಾಂತಿ ನಿಯಮವನ್ನು ಸಡಿಲಿಸಿ ದರ ಇಳಿಸುವುದು ಸುರಕ್ಷತೆಯ ದೃಷ್ಟಿಯಿಂದ ಒಪ್ಪತಕ್ಕ ಮಾರ್ಗವಲ್ಲ.

ಟಿಕೆಟ್ ಕಾಯ್ದಿರಿಸುವ ಮುನ್ನ ಪ್ರಯಾಣಿಕರು ಸದರಿ ಸಂಸ್ಥೆಯ ದರಪಟ್ಟಿಯನ್ನು ಅದರ ಜಾಲತಾಣದಲ್ಲಿ ಪರಿಶೀಲಿಸಬಹುದು. ದರ ಅಥವಾ ಮರುಪಾವತಿಯ ಬಗ್ಗೆ ದೂರುಗಳಿದ್ದಲ್ಲಿ ಮೊದಲು ಸಂಸ್ಥೆಗೆ, ಪರಿಹಾರ ದೊರೆಯದಿದ್ದಲ್ಲಿ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಜಾಲತಾಣದಲ್ಲಿ ಟಿಕೆಟಿನ ಪ್ರತಿಯೊಂದಿಗೆ ಸಲ್ಲಿಸಬಹುದು.