ಮನೆಯ ರೂಢಿ ಮತ್ತು ಮಕ್ಕಳ ಆಹಾರರುಚಿ: ಹಳೆಯ ಮೈಸೂರಿನ ರಾಗಿಯ ನಿದರ್ಶನ

ಮಕ್ಕಳ ಆಹಾರದ ವಿಚಾರವು ವೈದ್ಯಶಾಸ್ತ್ರಕ್ಕೂ ಗೃಹವಿಜ್ಞಾನಕ್ಕೂ ಸೇರಿದುದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಒಂದು ಮನೆಯ ಊಟವು ಆ ಮನೆಯ ಬೇಸಾಯ, ಸ್ಥಿತಿಗತಿ ಮತ್ತು ಹಿರಿಯರ ಅಂತಸ್ತಿನ ಕಲ್ಪನೆಗಳಿಂದ ರೂಪುಗೊಳ್ಳುವುದರಿಂದ ಅದು ಇತಿಹಾಸದ ವಿಷಯವೂ ಹೌದು. ಮಗು ಒಂದು ಪದಾರ್ಥವನ್ನು ಏಕೆ ಮೆಚ್ಚುತ್ತದೆ, ಇನ್ನೊಂದನ್ನು ಏಕೆ ದೂರ ತಳ್ಳುತ್ತದೆ ಎಂಬ ಪ್ರಶ್ನೆಯನ್ನು ಹಳೆಯ ಮೈಸೂರು ಸೀಮೆಯ ರಾಗಿಯ ನಿದರ್ಶನದಿಂದ ನಾವಿಲ್ಲಿ ಪರಿಶೀಲಿಸುತ್ತೇವೆ.

ಸಿಹಿಯನ್ನು ಮೆಚ್ಚುವುದೂ ಕಹಿಗೆ ಮುಖ ಸಿಂಡರಿಸುವುದೂ ಹುಟ್ಟುಗುಣಗಳು. ಉಳಿದ ರುಚಿಗಳನ್ನು ಮಗು ಬಹುಮಟ್ಟಿಗೆ ಕಲಿಯುತ್ತದೆ. ಅಮೆರಿಕದ ವೈದ್ಯೆ ಕ್ಲಾರಾ ಡೇವಿಸ್ ಅವರು 1928ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಗತಾನೇ ಮೊಲೆ ಬಿಟ್ಟ ಶಿಶುಗಳ ಮುಂದೆ ಹಲವು ಸರಳ ಆಹಾರಗಳನ್ನಿರಿಸಿ ಆಯ್ಕೆಯನ್ನು ಅವುಗಳಿಗೇ ಬಿಡಲಾಗಿತ್ತು. ಶಿಶುಗಳು ಚೆನ್ನಾಗಿಯೇ ಬೆಳೆದವು. ಮಗುವಿಗೆ ಸಹಜವಾದ ಆಹಾರವಿವೇಕವುಂಟೆಂದು ಇದರಿಂದ ಹಲವರು ಬಗೆದರು. ಆದರೆ ಪ್ರಯೋಗದ ಗುಟ್ಟು ಆಹಾರಗಳ ಪಟ್ಟಿಯಲ್ಲಿಯೇ ಇದ್ದಿತೆಂದು 1939ರಲ್ಲಿ ಡೇವಿಸ್ ಅವರೇ ವಿವರಿಸಿದರು. ಆರಿಸಿದುದು ಶಿಶು, ಪಟ್ಟಿಯನ್ನು ಸಿದ್ಧಪಡಿಸಿದವರು ಹಿರಿಯರು. ಪ್ರತಿಯೊಂದು ಮನೆಯಲ್ಲಿಯೂ ನಡೆಯುವುದು ಇದೇ.

ಮೈಸೂರು ಸೀಮೆಯಲ್ಲಿ ಈ ಪಟ್ಟಿಯ ಮೊದಲ ಪದಾರ್ಥ ಬಹುಕಾಲ ರಾಗಿಯಾಗಿದ್ದಿತು. 1800-01ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಬೆದ್ದಲು ಭೂಮಿಯ ಪ್ರಧಾನ ಬೆಳೆಯೂ ಸಾಮಾನ್ಯ ಜನರ ಮುಖ್ಯ ಆಹಾರವೂ ರಾಗಿಯೇ ಎಂದು ದಾಖಲಿಸಿದ್ದಾನೆ. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳುಬಟ್ಟೆಯಲ್ಲಿ ಜಾಲಿಸಿದ ಹಿಟ್ಟಿನಿಂದ ಮಾಡಿದ ಸರಿಯೇ ಹಸುಳೆಗೆ ಮೊದಲ ಘನಾಹಾರ. ಮೊಳಕೆಯಿಂದ ಪಿಷ್ಟವು ಭಾಗಶಃ ಒಡೆದು ಸರಿಯು ತೆಳುವಾಗುವುದರಿಂದ, ಅದೇ ಪ್ರಮಾಣದ ಸರಿಯಲ್ಲಿ ಹೆಚ್ಚು ಹಿಟ್ಟನ್ನು ಸೇರಿಸಲು ಸಾಧ್ಯವಾಗುತ್ತದೆ. ಮಗು ಬೆಳೆದಂತೆ ಮುದ್ದೆ, ಸೊಪ್ಪು, ಕಾಳು ಬರುತ್ತಿದ್ದವು. ಸೊಪ್ಪು ಕಾಳುಗಳು ಬೆಂದ ನೀರನ್ನು ಚೆಲ್ಲದೆ ಸಾರಿಗೆ ಬಳಸುವ ಬಸ್ಸಾರಿನ ಕ್ರಮವು ಸತ್ವವನ್ನು ಉಳಿಸುವ ಮನೆಯ ಜಾಣ್ಮೆಯೇ ಸರಿ.

ಆದಾಗ್ಯೂ ಧಾನ್ಯಗಳಿಗೆ ಮೇಲುಕೀಳಿನ ಭಾವನೆ ಬಹು ಹಿಂದಿನಿಂದಲೂ ಅಂಟಿಕೊಂಡಿದ್ದಿತು. ಹದಿನಾರನೆಯ ಶತಮಾನದ ಕನಕದಾಸರ ‘ರಾಮಧಾನ್ಯಚರಿತ್ರೆ’ಯಲ್ಲಿ ಅಕ್ಕಿಗೂ ರಾಗಿಗೂ ನಡೆಯುವ ವಾದವೇ ಇದಕ್ಕೆ ಸಾಕ್ಷಿ. ಅಲ್ಲಿ ಆರು ತಿಂಗಳ ಸೆರೆವಾಸವನ್ನು ತಾಳಿಕೊಳ್ಳುವುದು ರಾಗಿ. ಕೃತಿಯು ರಾಗಿಯ ಪರವಾಗಿ ನಿಂತರೂ ಸಮಾಜದ ಎಣಿಕೆ ಬದಲಾಗಲಿಲ್ಲ. ರಾಗಿ ಉಣ್ಣುವ ಮನೆಗಳಲ್ಲಿ ಅನ್ನವು ಹಬ್ಬದ ಊಟವಾಗಿದ್ದಿತು. ನೀರಾವರಿಯಿಂದಲೂ ಪಡಿತರದಿಂದಲೂ ಅಕ್ಕಿ ಸುಲಭವಾಗಿ ದೊರೆತಾಗ, ಅನೇಕ ಮನೆಗಳಲ್ಲಿ ಹಬ್ಬದ ಊಟವು ನಿತ್ಯದ ಊಟವಾದುದು ಆಶ್ಚರ್ಯವಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶ (ಕ್ಯಾಲ್ಸಿಯಂ) ಇದ್ದರೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಮಿನಷ್ಟು ಮಾತ್ರ ಇದೆ. ಹೀಗಿದ್ದೂ ರಾಗಿ ಹಿಂದೆ ಸರಿದಲ್ಲಿ, ಅದನ್ನು ಮೊದಲು ನಿರಾಕರಿಸಿದವರು ಮಕ್ಕಳಲ್ಲ. ನೆಂಟರೆದುರಿಗೆ ಮುದ್ದೆ ಬಡಿಸಲು ಹಿರಿಯರು ಸಂಕೋಚಪಟ್ಟರು. ಆ ಸಂಕೋಚವನ್ನು ಮಕ್ಕಳು ಕಲಿತರು.

ಎಲ್ಲ ಹೊಣೆಯನ್ನೂ ರೂಢಿಯ ಮೇಲೆ ಹೊರಿಸುವುದು ನ್ಯಾಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆರು ತಿಂಗಳು ತುಂಬಿದ ಎಳೆಯರಲ್ಲಿ ಶೇ. 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿದ್ದಿತು. ಬಡತನ, ಸೋಂಕು, ದುಡಿಮೆಯಿಂದ ಬಿಡುವಿಲ್ಲದ ತಾಯಿ, ಇವೆಲ್ಲವೂ ಇದಕ್ಕೆ ಕಾರಣಗಳೇ. ಕೇವಲ ರಾಗಿಯಿಂದಲೂ ಪರಿಹಾರವಾಗದು. ಸೊಪ್ಪು, ಕಾಳು, ಹಾಲು, ಮೊಟ್ಟೆಗಳೂ ಬೇಕು.

ಆದರೆ ಕೈಗೆಟುಕುವ ಆಹಾರವೂ ತಟ್ಟೆಗೆ ಬಾರದಿರುವಲ್ಲಿ ರೂಢಿಯ ಪಾತ್ರ ಹಿರಿದು. ಹೊಸ ಪದಾರ್ಥವನ್ನು ಎಂಟು ಹತ್ತು ಬಾರಿ ಒತ್ತಾಯವಿಲ್ಲದೆ ಮುಂದಿಟ್ಟರೆ ಅನೇಕ ಮಕ್ಕಳು ಒಗ್ಗಿಕೊಳ್ಳುವರೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಸೊಪ್ಪು ತಿಂದುದಕ್ಕೆ ಸಿಹಿಯನ್ನು ಬಹುಮಾನವಾಗಿ ಕೊಟ್ಟರೆ ಸಿಹಿಯ ಮೇಲಿನ ಆಸೆಯೇ ಬೆಳೆಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಜೊತೆಯಲ್ಲಿ ಕುಳಿತ ಹಿರಿಯರು ಅದನ್ನೇ ಉಣ್ಣಬೇಕು. 2002ರಲ್ಲಿ ಆರಂಭವಾದ ಅಕ್ಷರ ದಾಸೋಹವು ಶಾಲೆಯಲ್ಲಿ ಒಂದು ಹೊತ್ತಿನ ಊಟವನ್ನು ಒದಗಿಸಿದೆ. ಉಳಿದ ಹೊತ್ತುಗಳ ಪಟ್ಟಿ ಇಂದಿಗೂ ಮನೆಯ ಕೈಯಲ್ಲಿಯೇ ಇದೆ. ಒಂದು ತಲೆಮಾರಿನ ಸಂಕೋಚದಿಂದ ತಟ್ಟೆಯನ್ನು ಬಿಟ್ಟುಹೋದ ಧಾನ್ಯವು ಇನ್ನೊಂದು ತಲೆಮಾರಿನ ಗೌರವದಿಂದ ಹಿಂದಿರುಗಬಲ್ಲದು.